ಮ್ಯಾಟ್ರಿಕ್ಸ್ ಮತ್ತು ಕಾಂಪ್ಲೆಕ್ಸ್ ನಂಬರ್: ಉತ್ತರ ತಪ್ಪಿದಾಗ ದೋಷ ಹುಡುಕುವ ಕೈಪಿಡಿ

"ಸರ್, ಮೆಥಡ್ ಎಲ್ಲಾ ಗೊತ್ತು, ಆದ್ರೆ ಆನ್ಸರ್ ಬರ್ತಿಲ್ಲ." ಪಿಯುಸಿ ಮಕ್ಕಳಿಂದ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಈ ಮಾತನ್ನು ನಾನು ನಂಬುತ್ತೇನೆ, ಏಕೆಂದರೆ ಇದು ಬಹುಪಾಲು ನಿಜ. ಮೊದಲ ಪಿಯುಸಿಯ ಕಾಂಪ್ಲೆಕ್ಸ್ ನಂಬರ್, ಎರಡನೇ ಪಿಯುಸಿಯ ಮ್ಯಾಟ್ರಿಕ್ಸ್ ಮತ್ತು ಡಿಟರ್ಮಿನೆಂಟ್ ಪಾಠಗಳಲ್ಲಿ ಹೊಸದಾಗಿ ಕಲಿಯಬೇಕಾದ ನಿಯಮ ಸ್ವಲ್ಪ. ಹಳೆಯ ಕೂಡು, ಕಳೆ, ಗುಣಿಸು ರಾಶಿ ರಾಶಿ. 3×3 ಮ್ಯಾಟ್ರಿಕ್ಸ್‌ನ ಇನ್‌ವರ್ಸ್ ಒಂದನ್ನೇ ತೆಗೆದುಕೊಳ್ಳಿ. ಒಂಬತ್ತು ಕೋಫ್ಯಾಕ್ಟರ್, ಒಂದೊಂದಕ್ಕೂ ಎರಡು ಗುಣಾಕಾರ, ಒಂದು ಕಳೆಯುವ ಲೆಕ್ಕ, ಒಂದು ಚಿಹ್ನೆ. ಹದಿನೆಂಟು ಗುಣಾಕಾರದಲ್ಲಿ ಒಂದು ಜಾರಿದರೂ ಕೊನೆಯ ಸಾಲು ಕೆಡುತ್ತದೆ.

ಆಗ ಮಕ್ಕಳು ಮಾಡುವುದು ಒಂದೇ ಕೆಲಸ: ಇಡೀ ಪುಟಕ್ಕೆ ಅಡ್ಡಗೆರೆ ಎಳೆದು ಮೊದಲಿನಿಂದ ಶುರು ಮಾಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಈ ಎರಡು ಪಾಠಗಳಲ್ಲಿ ತಪ್ಪು ಉತ್ತರಕ್ಕೆ ಬಹಳ ಬೆಲೆಯಿದೆ. ತಪ್ಪು ಯಾವ ಬಗೆಯದು ಎಂಬುದು ಆ ಉತ್ತರದಲ್ಲೇ ಬರೆದಿರುತ್ತದೆ. ಓದಲು ಬರಬೇಕು ಅಷ್ಟೆ.

ಬರವಣಿಗೆಯ ಅನುಕೂಲಕ್ಕೆ ಎರಡು ಮಾತು. ಮ್ಯಾಟ್ರಿಕ್ಸನ್ನು ಇಲ್ಲಿ ಒಂದೇ ಸಾಲಿನಲ್ಲಿ ಬರೆದು, ಒಂದು ಅಡ್ಡಸಾಲು ಮುಗಿದಲ್ಲಿ ಅರ್ಧವಿರಾಮ ಹಾಕಿದ್ದೇನೆ: [1 2 ; 3 4] ಎಂದರೆ ಮೇಲಿನ ಸಾಲು 1, 2 ಮತ್ತು ಕೆಳಗಿನ ಸಾಲು 3, 4. ವರ್ಗ ಮಾಡಿದರೆ −1 ಬರುವ ಆ ಸಂಖ್ಯೆಯನ್ನು 'ಐ' ಎಂದೇ ಬರೆದಿದ್ದೇನೆ.

ಲಕ್ಷಣ: ಒಂದೇ ಲೆಕ್ಕಕ್ಕೆ ಮಾಡಿದಷ್ಟು ಸಲವೂ ಬೇರೆ ಬೇರೆ ಉತ್ತರ

ಇದು ಎಲ್ಲಕ್ಕಿಂತ ಅಗ್ಗದ ತಪಾಸಣೆ, ಆದ್ದರಿಂದ ಮೊದಲು ಇದನ್ನೇ ಮಾಡಿ. ಹಳೆಯ ಪುಟವನ್ನು ಮುಚ್ಚಿಟ್ಟು ಅದೇ ಲೆಕ್ಕವನ್ನು ಹೊಸ ಹಾಳೆಯಲ್ಲಿ ಮಾಡಿ. ಎರಡನೇ ಸಲವೂ ಅದೇ ತಪ್ಪು ಉತ್ತರ ಬಂದರೆ ಯಾವುದೋ ನಿಯಮವನ್ನು ತಪ್ಪಾಗಿ ಕಲಿತಿದ್ದೀರಿ; ಕೆಳಗಿನ ಭಾಗಗಳು ನಿಮಗಾಗಿಯೇ ಇವೆ. ಬೇರೆ ತಪ್ಪು ಉತ್ತರ ಬಂದರೆ ನಿಯಮ ಸರಿಯಾಗಿದೆ, ಕೈ ಜಾರುತ್ತಿದೆ. ಈ ಎರಡು ರೋಗಕ್ಕೂ ಮದ್ದು ಬೇರೆ. ಕೈ ಜಾರುವ ಹುಡುಗನಿಗೆ ಮತ್ತೆ ಮತ್ತೆ ನಿಯಮ ಪಾಠ ಮಾಡಿದರೆ ಅವನ ಸಮಯವೂ ಹಾಳು, ನಿಮ್ಮದೂ ಹಾಳು.

ಕೈ ಜಾರುವ ಜಾಗಗಳು ಬಹಳ ಇಲ್ಲ. ಪ್ರಶ್ನೆಯಿಂದ ಇಳಿಸಿಕೊಳ್ಳುವಾಗ ಮೊದಲ ಸಂಖ್ಯೆಯ ಮುಂದಿನ ಮೈನಸ್ ಬಿಟ್ಟುಹೋಗುವುದು. ನಿಮ್ಮ ಕೈಬರಹದಲ್ಲೇ ಐ ಚಿಹ್ನೆ 1ರಂತೆ ಕಾಣುವುದು. ಝಡ್ ಅಕ್ಷರ 2ರಂತೆ ಕಾಣುವುದು. ಅದಕ್ಕೆ ನಡುವೆ ಒಂದು ಸಣ್ಣ ಅಡ್ಡಗೆರೆ ಹಾಕುವ ರೂಢಿ ಮಾಡಿಕೊಳ್ಳಿ. ಮ್ಯಾಟ್ರಿಕ್ಸ್ ಸಂಖ್ಯೆಗಳನ್ನು ಒತ್ತೊತ್ತಾಗಿ ಬರೆದು ಪಕ್ಕದ ಕಂಬಸಾಲಿನ ಸಂಖ್ಯೆ ಎತ್ತಿಕೊಳ್ಳುವುದು. ಪೇಪರ್ ಉಳಿಸಲು ಹೋಗಿ ಅಂಕ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಇಲ್ಲಿ ಪಾಲಕರಿಗೆ ಒಂದು ಮಾತು. ಮಗು ಪುಸ್ತಕದಿಂದ ಸರಿಯಾಗಿ ಇಳಿಸಿಕೊಂಡು, ಬೋರ್ಡಿನಿಂದ ಮಾತ್ರ ತಪ್ಪಾಗಿ ಇಳಿಸುತ್ತಿದ್ದರೆ ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಹಿಂದಿನ ಬೆಂಚಿನಿಂದ 3 ಮತ್ತು 8 ಒಂದೇ ಥರ ಕಾಣುವುದು ಗಣಿತದ ದೋಷವಲ್ಲ.

ಲಕ್ಷಣ: ಎರಡು ಮ್ಯಾಟ್ರಿಕ್ಸ್ ಗುಣಿಸಿದರೆ ಉತ್ತರ ಹೊಂದುವುದಿಲ್ಲ

ಮೊದಲು ಅಳತೆ ನೋಡಿ. ಮೊದಲನೆಯದರಲ್ಲಿ ಎಷ್ಟು ಕಂಬಸಾಲು ಇವೆಯೋ ಎರಡನೆಯದರಲ್ಲಿ ಅಷ್ಟೇ ಅಡ್ಡಸಾಲು ಇರಬೇಕು. ಇದು ಸರಿಯಿದ್ದೂ ಉತ್ತರ ತಪ್ಪಿದರೆ ನಾನು ಕೊಡುವ ಪರೀಕ್ಷಾ ಲೆಕ್ಕ ಒಂದಿದೆ. ಎ = [1 2 ; 3 4], ಬಿ = [5 6 ; 7 8]. ಎ × ಬಿ ಮಾಡಿ, ಆಮೇಲೆ ನಿಮ್ಮ ಉತ್ತರವನ್ನು ಇಲ್ಲಿ ಹುಡುಕಿ.

[19 22 ; 43 50] ಬಂದರೆ ಸರಿ. [5 12 ; 21 32] ಬಂದರೆ ಕೂಡುವಾಗ ಮಾಡಿದಂತೆ ಆಯಾ ಜಾಗದ ಸಂಖ್ಯೆಯನ್ನು ಆಯಾ ಜಾಗದ ಸಂಖ್ಯೆಗೇ ಗುಣಿಸಿದ್ದೀರಿ. [17 23 ; 39 53] ಬಂದರೆ ಅಡ್ಡಸಾಲನ್ನು ಅಡ್ಡಸಾಲಿಗೇ ಗುಣಿಸಿದ್ದೀರಿ, ಎರಡನೆಯ ಮ್ಯಾಟ್ರಿಕ್ಸ್‌ನಲ್ಲಿ ಬೆರಳು ಮೇಲಿನಿಂದ ಕೆಳಕ್ಕೆ ಇಳಿಯಬೇಕಿತ್ತು. [23 34 ; 31 46] ಬಂದರೆ ಗುಣಾಕಾರ ಬರುತ್ತದೆ, ಆದರೆ ಬಿ × ಎ ಮಾಡಿಟ್ಟಿದ್ದೀರಿ. ಈ ನಾಲ್ಕರಲ್ಲಿ ಯಾವುದೂ ಅಲ್ಲದಿದ್ದರೆ ಮಗ್ಗಿ ಅಥವಾ ಕೂಡಿಕೆ ಜಾರಿದೆ.

ಅಡ್ಡಸಾಲು-ಅಡ್ಡಸಾಲು ತಪ್ಪು ಬಹಳ ದಿನ ಅಡಗಿಕೊಂಡಿರುತ್ತದೆ. ಎರಡನೆಯ ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಆಗಿದ್ದರೆ ಅದರ ಅಡ್ಡಸಾಲೂ ಕಂಬಸಾಲೂ ಒಂದೇ ಆದ್ದರಿಂದ ತಪ್ಪು ದಾರಿಯಲ್ಲೂ ಸರಿ ಉತ್ತರ ಬಂದುಬಿಡುತ್ತದೆ. 'ನಿನ್ನೆ ಬಂತಲ್ಲ ಸರ್, ಇವತ್ತು ಯಾಕೆ ಬರಲಿಲ್ಲ' ಎನ್ನುವವರ ಕಥೆ ಹೆಚ್ಚಾಗಿ ಇದೇ.

ಬೇರೆ ಯಾವ ಗುಣಾಕಾರವಾದರೂ ಸರಿ, ಪರೀಕ್ಷಿಸಲು ಅರ್ಧ ನಿಮಿಷದ ದಾರಿಯಿದೆ. ಬಿ ಯ ಪ್ರತಿ ಅಡ್ಡಸಾಲನ್ನು ಕೂಡಿ: 11, 15. ಈಗ ಎ ಯ ಮೊದಲ ಸಾಲಿನಿಂದ ಗುಣಿಸಿ: 1×11 + 2×15 = 41. ನಿಮ್ಮ ಉತ್ತರದ ಮೊದಲ ಸಾಲಿನ ಮೊತ್ತ 19 + 22, ಅದೂ 41. ಎರಡನೆಯ ಸಾಲಿಗೆ 3×11 + 4×15 = 93, ಅತ್ತ 43 + 50 ಕೂಡ 93. ಹೊಂದದ ಸಾಲು ಯಾವುದೋ ಆ ಸಾಲನ್ನು ಮಾತ್ರ ತಿದ್ದಿದರೆ ಸಾಕು. ಒಂದೇ ಸಾಲಿನಲ್ಲಿ ಎರಡು ತಪ್ಪು ಪರಸ್ಪರ ಸರಿದೂಗಿದರೆ ಮಾತ್ರ ಈ ತಪಾಸಣೆ ಮೋಸಹೋಗುತ್ತದೆ, ಅದು ಅಪರೂಪ.

ಲಕ್ಷಣ: ಬಿಡಿ ಗುಣಾಕಾರ ಸರಿ, 'ಸಾಧಿಸಿ' ಎಂದಾಗ ಎಡ-ಬಲ ಸೇರುವುದಿಲ್ಲ

(ಎ + ಬಿ)² ಕಂಡ ತಕ್ಷಣ ಎಂಟನೇ ತರಗತಿಯ ಸೂತ್ರ ಬರೆದಿರುತ್ತೀರಿ: ಎ² + 2ಎಬಿ + ಬಿ². ಮೇಲಿನದೇ ಎ, ಬಿ ಇಟ್ಟು ನೋಡಿ. ಎ + ಬಿ = [6 8 ; 10 12], ಅದರ ವರ್ಗ [116 144 ; 180 224]. ಸೂತ್ರದ ದಾರಿಯಲ್ಲಿ ಬರುವುದು [112 132 ; 192 228]. ಒಂದು ಜಾಗವೂ ಹೊಂದಲಿಲ್ಲ. 2ಎಬಿ ಬದಲು ಎಬಿ + ಬಿಎ ಎಂದು ಬಿಡಿಸಿ ಬರೆದರೆ ನಾಲ್ಕೂ ಜಾಗ ಹೊಂದುತ್ತದೆ. ಸಂಖ್ಯೆಗಳಲ್ಲಿ ಎಬಿ, ಬಿಎ ಒಂದೇ ಎಂದು ನಾವು ಇಷ್ಟು ವರ್ಷ ಯೋಚಿಸದೆ ಸೇರಿಸಿದ್ದೆವು. ಇಲ್ಲಿ ಆ ಸಲಿಗೆ ಇಲ್ಲ.

ಇದೇ ಜಾತಿಯ ಇನ್ನೆರಡು ತಪ್ಪು: ಎ × ಬಿ ಸೊನ್ನೆಯಾದರೆ ಎರಡರಲ್ಲೊಂದು ಸೊನ್ನೆ ಎಂದುಕೊಳ್ಳುವುದು, ಎರಡೂ ಕಡೆಯ ಎ ಹೊಡೆದುಹಾಕುವುದು. [0 1 ; 0 0] ಅನ್ನು ಅದಕ್ಕೇ ಗುಣಿಸಿ ನೋಡಿ, ಪೂರ್ತಿ ಸೊನ್ನೆ. ಇಲ್ಲೊಂದು ಎಚ್ಚರಿಕೆ: ಮ್ಯಾಟ್ರಿಕ್ಸ್‌ನಿಂದ ಭಾಗಿಸುವುದು ಎಂಬ ಕ್ರಿಯೆಯೇ ಇಲ್ಲ. ಉತ್ತರ ಪತ್ರಿಕೆಯಲ್ಲಿ ಒಂದು ಮ್ಯಾಟ್ರಿಕ್ಸನ್ನು ಇನ್ನೊಂದರ ಕೆಳಗೆ ಗೆರೆ ಎಳೆದು ಬರೆದಿದ್ದರೆ ಅಲ್ಲೇ ನಿಲ್ಲಿಸಿ.

ಲಕ್ಷಣ: ಋಣ ಸಂಖ್ಯೆಯ ವರ್ಗಮೂಲ ಬಂದಲ್ಲೆಲ್ಲ ಚಿಹ್ನೆ ತಿರುಗುತ್ತದೆ

√−4 × √−9 ಎಷ್ಟು? ತರಗತಿಯಲ್ಲಿ ಕೇಳಿದರೆ ಹೆಚ್ಚು ಕೈಗಳು ಏಳುವುದು 6 ಎಂಬ ಉತ್ತರಕ್ಕೆ. ಸರಿ ಉತ್ತರ −6. ಎರಡನ್ನೂ ಒಂದೇ ರೂಟಿನೊಳಗೆ ತಳ್ಳಿ √36 ಮಾಡುವ ನಿಯಮ, ಒಳಗಿನ ಎರಡೂ ಸಂಖ್ಯೆ ಋಣವಾಗಿದ್ದಾಗ ನಡೆಯುವುದಿಲ್ಲ. ಮೊದಲು 2ಐ, 3ಐ ಎಂದು ಹೊರಗೆ ತನ್ನಿ, ಆಮೇಲೆ ಗುಣಿಸಿ: 6ಐ² = −6. ರೂಟಿನೊಳಗೆ ಮೈನಸ್ ಕಂಡರೆ ಬೇರೆ ಏನು ಮಾಡುವ ಮೊದಲೂ ಐ ಹೊರತೆಗೆಯಬೇಕು. ಇದೊಂದು ಅಭ್ಯಾಸದಿಂದ ಈ ಪಾಠದ ಬಹಳಷ್ಟು ಚಿಹ್ನೆ ತಪ್ಪು ಹೋಗುತ್ತದೆ.

ಇಲ್ಲಿ ಎಡವುವುದಕ್ಕೆ ನಾಚಿಕೆಪಡಬೇಕಿಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ನಮ್ಮ ನಾಡಿನ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಈ ಪ್ರಶ್ನೆಯನ್ನು ಎದುರಿಸಿ, ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದ. ಅವನು ಬಲ್ಲ ಸಂಖ್ಯೆಗಳ ಮಟ್ಟಿಗೆ ಅದು ಪೂರ್ತಿ ಸರಿ. ಏಳು ಶತಮಾನ ಕಳೆದ ಮೇಲೆ, 1545ರಲ್ಲಿ, ಇಟಲಿಯ ಕಾರ್ಡಾನೊ ಒಂದು ಲೆಕ್ಕ ಹಾಕಿದ: 10ನ್ನು ಎರಡು ಭಾಗ ಮಾಡಬೇಕು, ಅವುಗಳ ಗುಣಲಬ್ಧ 40 ಆಗಬೇಕು. ಸಿಕ್ಕ ಭಾಗಗಳು 5 + √−15 ಮತ್ತು 5 − √−15. ಇದನ್ನೇ ನಿಮ್ಮ ಪರೀಕ್ಷಾ ಲೆಕ್ಕ ಮಾಡಿಕೊಳ್ಳಿ. ಎರಡನ್ನೂ ಗುಣಿಸಿದಾಗ 25 + 15 = 40 ಬಂದರೆ ಚಿಹ್ನೆ ಹಿಡಿತದಲ್ಲಿದೆ. 10 ಬಂದರೆ √−15ರ ವರ್ಗವನ್ನು +15 ಎಂದು ತೆಗೆದುಕೊಂಡಿದ್ದೀರಿ.

ಐ ಯ ದೊಡ್ಡ ಘಾತಗಳಲ್ಲಿ ತಪ್ಪುತ್ತಿದ್ದರೆ ಘಾತವನ್ನು 4ರಿಂದ ಭಾಗಿಸಿ ಶೇಷ ನೋಡಿ. ಶೇಷ 0, 1, 2, 3 ಆದರೆ ಉತ್ತರ ಕ್ರಮವಾಗಿ 1, ಐ, −1, −ಐ. ಘಾತ 2027 ಆದರೆ ಕೊನೆಯ ಎರಡಂಕೆ 27 ನೋಡಿದರೆ ಸಾಕು, ಶೇಷ 3, ಉತ್ತರ −ಐ. ಘಾತವೇ ಋಣವಾಗಿದ್ದರೆ 4ರ ಗುಣಕವೊಂದನ್ನು ಕೂಡಿ ಧನ ಮಾಡಿಕೊಳ್ಳಿ: −39ಕ್ಕೆ 40 ಸೇರಿಸಿದರೆ 1, ಉತ್ತರ ಐ.

ಲಕ್ಷಣ: ಭಾಗಾಕಾರದಲ್ಲಿ ಛೇದ ಋಣವಾಗುತ್ತದೆ, ಅಥವಾ ಐ ಛೇದದಲ್ಲೇ ಉಳಿಯುತ್ತದೆ

1 ಭಾಗಿಸು (3 + 4ಐ). ಕಾಂಜುಗೇಟಿನಿಂದ ಮೇಲೆ ಕೆಳಗೆ ಗುಣಿಸಿದ ಮೇಲೆ ಛೇದ −7 ಬಂದಿದ್ದರೆ 9 − 16 ಮಾಡಿದ್ದೀರಿ. ಐ² ತಂದುಕೊಟ್ಟ ಇನ್ನೊಂದು ಮೈನಸ್ ಮರೆತಿದ್ದೀರಿ. ಛೇದ ಯಾವಾಗಲೂ ಎರಡು ವರ್ಗಗಳ ಮೊತ್ತ, ಇಲ್ಲಿ 9 + 16 = 25. ಅದು ಋಣವಾಗಲು ಸಾಧ್ಯವೇ ಇಲ್ಲ. ಮಾಡ್ಯುಲಸ್ ಹುಡುಕುವಾಗ √(9 + 16ಐ²) ಎಂದು ಬರೆಯುವುದೂ ಇದೇ ಮನೆಯ ತಪ್ಪು: ವರ್ಗ ಮಾಡಬೇಕಾದ್ದು 4ನ್ನು, 4ಐ ಯನ್ನಲ್ಲ.

ಛೇದದಲ್ಲಿ ಐ ಉಳಿದಿದ್ದರೆ ಕಾಂಜುಗೇಟ್ ತೆಗೆಯುವಾಗ ತಪ್ಪಿದೆ. ಎರಡೂ ಚಿಹ್ನೆ ತಿರುಗಿಸಬಾರದು, ಐ ಇರುವ ಭಾಗದ್ದು ಮಾತ್ರ.

ಉತ್ತರ ಬಂದ ಮೇಲಿನ ತಪಾಸಣೆ: (2 + 3ಐ) ಭಾಗಿಸು (1 − 2ಐ) ಲೆಕ್ಕಕ್ಕೆ (−4 + 7ಐ)/5 ಬಂದಿದೆ ಎನ್ನಿ. ಅದನ್ನು ಮತ್ತೆ 1 − 2ಐ ಯಿಂದ ಗುಣಿಸಿ. (−4 + 7ಐ)(1 − 2ಐ) = −4 + 8ಐ + 7ಐ + 14 = 10 + 15ಐ, 5ರಿಂದ ಭಾಗಿಸಿದರೆ 2 + 3ಐ. ಹೊರಟಲ್ಲಿಗೇ ಬಂದಿರಿ. ಕೆಲವರು ಮಾಡ್ಯುಲಸ್ ಮಾತ್ರ ಹೋಲಿಸಿ ತೃಪ್ತರಾಗುತ್ತಾರೆ. ಅದು ಸಾಲದು, ಐ ಯ ಚಿಹ್ನೆ ತಿರುಗಿದ್ದರೂ ಮಾಡ್ಯುಲಸ್ ಅಷ್ಟೇ ಇರುತ್ತದೆ.

ಲಕ್ಷಣ: ಮಾಡ್ಯುಲಸ್ ಸರಿ, ಕೋನ ತಪ್ಪು

ಚಿತ್ರ ಬರೆಯದೆ ಟ್ಯಾನ್ ಬೆಲೆಯಿಂದ ನೇರ ಕೋನ ತೆಗೆದಿದ್ದೀರಿ. −1 − ಐ ಗೆ ಟ್ಯಾನ್ 1 ಬರುತ್ತದೆ, 1 + ಐ ಗೂ 1. ಎರಡನೆಯದು 45 ಡಿಗ್ರಿ, ಮೊದಲನೆಯದು ಮೂರನೇ ಪಾದದಲ್ಲಿದೆ, −135 ಡಿಗ್ರಿ. ಒರಟಾಗಿ ಎರಡು ಗೆರೆ ಎಳೆದು ಬಿಂದು ಗುರುತಿಸಿದರೆ ಈ ದೋಷ ಅಲ್ಲಿಗೇ ಮುಗಿಯಿತು.

ಲಕ್ಷಣ: ಇನ್‌ವರ್ಸ್ ತಪ್ಪಾಗಿದೆ, ಎಲ್ಲಿ ಎಂದು ಗೊತ್ತಿಲ್ಲ

ಇದೇ ಎಲ್ಲರನ್ನೂ ಹೆಚ್ಚು ಕಾಡುವುದು. ನಿಧಾನವಾಗಿ ನೋಡೋಣ. ಎ = [1 2 0 ; 3 1 1 ; 0 1 2] ಇಟ್ಟುಕೊಳ್ಳಿ. ಡಿಟರ್ಮಿನೆಂಟ್ 1×(2 − 1) − 2×(6 − 0) + 0 = −11. ಇದೇ ಸೊನ್ನೆ ಬಂದಿದ್ದರೆ ಇನ್‌ವರ್ಸ್ ಇಲ್ಲ, ಅಲ್ಲಿಗೆ ನಿಲ್ಲಿಸಬೇಕು. ಆದರೆ ನಿಲ್ಲಿಸುವ ಮೊದಲು ಬೇರೆ ಸಾಲಿನಿಂದ ಇನ್ನೊಮ್ಮೆ ಬಿಡಿಸಿ ಖಚಿತ ಮಾಡಿಕೊಳ್ಳಿ.

ಕೋಫ್ಯಾಕ್ಟರ್‌ಗಳು ಸಾಲಾಗಿ [1 −6 3 ; −4 2 −1 ; 2 −1 −5]. ಟ್ರಾನ್ಸ್‌ಪೋಸ್ ಮಾಡುವ ಮೊದಲು ಇಲ್ಲೊಂದು ಚೆಕ್‌ಪೋಸ್ಟ್ ಇದೆ, ಬಹಳ ಮಕ್ಕಳಿಗೆ ಗೊತ್ತಿರುವುದಿಲ್ಲ. ಎ ಯ ಪ್ರತಿ ಸಾಲನ್ನು ಕೋಫ್ಯಾಕ್ಟರ್‌ನ ಅದೇ ಸಾಲಿಗೆ ಗುಣಿಸಿ ಕೂಡಿ. ಮೊದಲ ಸಾಲು: 1 − 12 + 0 = −11. ಎರಡನೆಯದು: −12 + 2 − 1 = −11. ಮೂರನೆಯದು: 0 − 1 − 10 = −11. ಮೂರೂ ಡಿಟರ್ಮಿನೆಂಟೇ ಬರಬೇಕು. ಒಂದು ಸಾಲು ಮಾತ್ರ ಬೇರೆ ಬಂದರೆ ತಪ್ಪು ಆ ಸಾಲಿನ ಮೂರು ಕೋಫ್ಯಾಕ್ಟರ್‌ಗಳಲ್ಲಿದೆ, ಉಳಿದ ಆರನ್ನು ಮುಟ್ಟಬೇಡಿ. ಎ ಯಲ್ಲಿ ಸೊನ್ನೆ ಇರುವ ಜಾಗದ ಕೋಫ್ಯಾಕ್ಟರ್ ಈ ತಪಾಸಣೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಎ ಯ ಬೇರೆ ಸಾಲನ್ನು ತಂದು ಗುಣಿಸಿ, ಆಗ ಸೊನ್ನೆ ಬರಬೇಕು: ಎರಡನೆಯ ಸಾಲು 3, 1, 1ನ್ನು ಮೊದಲ ಕೋಫ್ಯಾಕ್ಟರ್ ಸಾಲಿಗೆ ಗುಣಿಸಿದರೆ 3 − 6 + 3 = 0. ಸರಿಯಾಗಿದೆ.

ಚೆಕ್‌ಪೋಸ್ಟ್ ದಾಟಿಯೂ ಕೊನೆಯ ಉತ್ತರ ತಪ್ಪಿದರೆ ಉಳಿದದ್ದು ಎರಡೇ ಅನುಮಾನ. ಎ ಯನ್ನು ನಿಮ್ಮ ಇನ್‌ವರ್ಸ್‌ನಿಂದ ಗುಣಿಸಿ. ಕರ್ಣದಲ್ಲಿ ಮೂರೂ −11, ಉಳಿದೆಲ್ಲ ಸೊನ್ನೆ ಬಂದರೆ ಡಿಟರ್ಮಿನೆಂಟಿನಿಂದ ಭಾಗಿಸುವುದನ್ನು ಮರೆತಿದ್ದೀರಿ. ಕರ್ಣದ ಆಚೀಚೆ ಸೊನ್ನೆ ಬರದಿದ್ದರೆ ಟ್ರಾನ್ಸ್‌ಪೋಸ್ ಮಾಡಿಲ್ಲ.

ಡಿಟರ್ಮಿನೆಂಟಿನ ಒಂದಂಕದ ಪ್ರಶ್ನೆಗಳಲ್ಲಿ ಮಾತ್ರ ತಪ್ಪುತ್ತಿದ್ದರೆ ಇದೊಂದು ನೋಡಿ: 3×3 ಎ ಗೆ |ಎ| = 4 ಆದರೆ |2ಎ| ಎಂದರೆ 8 ಅಲ್ಲ, 32. ಮೂರು ಸಾಲಿನಿಂದಲೂ ಒಂದೊಂದು 2 ಹೊರಬರುತ್ತದೆ.

ಲಕ್ಷಣ: ಸಮೀಕರಣ ಬಿಡಿಸಿದೆ, ಪೂರ್ಣಾಂಕವೇ ಬಂತು, ಆದರೂ ತಪ್ಪು

ಮೇಲಿನದೇ ಎ ಯಿಂದ ಮೂರು ಸಮೀಕರಣ: ಎಕ್ಸ್ + 2ವೈ = 0, 3ಎಕ್ಸ್ + ವೈ + ಝಡ್ = 8, ವೈ + 2ಝಡ್ = 5. ಸರಿ ಉತ್ತರ 2, −1, 3.

ನಿಮಗೆ −2, 1, −3 ಬಂದಿದ್ದರೆ ಮೂರೂ ಚಿಹ್ನೆ ಒಟ್ಟಿಗೆ ತಿರುಗಿವೆ: ಡಿಟರ್ಮಿನೆಂಟಿನ ಮೈನಸ್ ಬಿಟ್ಟಿದ್ದೀರಿ. ಛೇದದಲ್ಲಿ 11 ಉಳಿದ ಭಿನ್ನರಾಶಿ ಬಂದಿದ್ದರೆ ಮೊದಲ ಅನುಮಾನ ಕೋಫ್ಯಾಕ್ಟರ್ ಮೇಲೆ. ಈಗ ಎಲ್ಲಕ್ಕಿಂತ ಅಪಾಯದ ಉತ್ತರ ನೋಡಿ: 3, −1, 3. ಟ್ರಾನ್ಸ್‌ಪೋಸ್ ಮರೆತರೆ ಈ ಲೆಕ್ಕದಲ್ಲಿ ಬರುವುದು ಇದೇ. ಭಿನ್ನರಾಶಿ ಇಲ್ಲ, ನೋಡಲು ಚೊಕ್ಕ. ಮೂರನೇ ಸಮೀಕರಣಕ್ಕೆ ಹಾಕಿದರೆ −1 + 6 = 5, ಅದಕ್ಕೂ ಹೊಂದುತ್ತದೆ! ಆದರೆ ಮೊದಲನೆಯದಕ್ಕೆ ಹಾಕಿದರೆ 3 − 2 = 1, ಸೊನ್ನೆ ಅಲ್ಲ. ಒಂದೇ ಸಮೀಕರಣಕ್ಕೆ ಹಾಕಿ ನೋಡಿ ಪೆನ್ನು ಕೆಳಗಿಡಬೇಡಿ, ಮೂರಕ್ಕೂ ಹಾಕಿ. ಐದಂಕದ ಪ್ರಶ್ನೆಗೆ ಒಂದು ನಿಮಿಷ ಹೆಚ್ಚಲ್ಲ.

ಇನ್‌ವರ್ಸ್ ಸರಿಯಿದ್ದೂ ಗುಣಾಕಾರವೇ ಕೂಡುತ್ತಿಲ್ಲವೆಂದರೆ ಅದನ್ನು ಬಲಗಡೆ ಇಟ್ಟಿದ್ದೀರಿ. ಅದು ಬಲಬದಿಯ ಕಂಬಸಾಲಿನ ಎಡಕ್ಕೆ ಬರಬೇಕು.

ಎರಡೂ ಪಾಠ ಗಟ್ಟಿಯಾದವರಿಗೆ ಒಂದು ಕಷ್ಟದ ತಪಾಸಣೆ

ಕಾಂಪ್ಲೆಕ್ಸ್ ಗುಣಾಕಾರವನ್ನು ಮ್ಯಾಟ್ರಿಕ್ಸ್‌ನಿಂದಲೇ ಪರೀಕ್ಷಿಸಬಹುದು. 2 + 3ಐ ಯನ್ನು [2 −3 ; 3 2] ಎಂದೂ, 1 − 2ಐ ಯನ್ನು [1 2 ; −2 1] ಎಂದೂ ಬರೆಯಿರಿ. ಗುಣಿಸಿದರೆ [8 1 ; −1 8]. ಮೊದಲ ಕಂಬಸಾಲನ್ನು ಓದಿ: 8 − ಐ. ನೇರವಾಗಿ ಗುಣಿಸಿದರೂ 2 − 4ಐ + 3ಐ + 6, ಅದೇ 8 − ಐ. ಡಿಟರ್ಮಿನೆಂಟ್ ತೆಗೆದರೆ 64 + 1 = 65, ಅದು 13 ಮತ್ತು 5ರ ಗುಣಲಬ್ಧ, ಎರಡು ಮಾಡ್ಯುಲಸ್‌ಗಳ ವರ್ಗ. ಐ ಎಂಬುದೇ ಇಲ್ಲಿ [0 −1 ; 1 0], ಅದರ ವರ್ಗ ಮಾಡಿ, ಕರ್ಣದಲ್ಲಿ ಎರಡು −1 ಬರುತ್ತದೆ. ಇದನ್ನು ಬೋರ್ಡಿನ ಮೇಲೆ ಮೊದಲ ಸಲ ತೋರಿಸಿದಾಗ ಮಕ್ಕಳ ಮುಖ ನೋಡುವುದೇ ಒಂದು ಖುಷಿ. 'ಇಲ್ಲದ ಸಂಖ್ಯೆ' ಎಂದುಕೊಂಡಿದ್ದು ನಾಲ್ಕು ಮಾಮೂಲಿ ಸಂಖ್ಯೆಗಳ ಚೌಕದಲ್ಲಿ ಕೂತಿರುತ್ತದೆ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಒಂದೇ ಲೆಕ್ಕವನ್ನು ಮೂರು ಸಲ ಮಾಡಿಯೂ ಬಾರದಿದ್ದರೆ ನಾಲ್ಕನೇ ಸಲ ಮಾಡಬೇಡಿ. ಆ ಹೊತ್ತಿಗೆ ಕೈಗೆ ತಪ್ಪೇ ಅಭ್ಯಾಸವಾಗಿರುತ್ತದೆ. ಹಾಳೆ ಹರಿಯದೆ, ಅಳಿಸದೆ ಎತ್ತಿಡಿ. ಮೊಬೈಲಿನಲ್ಲಿ ಫೋಟೊ ತೆಗೆದರೆ ಪೂರ್ತಿ ಲೆಕ್ಕ ಬಿಡಿಸಿ ಕೊಡುವ ಆ್ಯಪ್‌ಗಳು ಸರಿ ಉತ್ತರ ತೋರಿಸುತ್ತವೆ, ನಿಮ್ಮ ಹಾಳೆಯ ತಪ್ಪು ನಿಮ್ಮಲ್ಲೇ ಉಳಿಯುತ್ತದೆ. ಅವನ್ನು ನೋಡುವುದಿದ್ದರೂ ನಿಮ್ಮ ಸಾಲಿನ ಪಕ್ಕ ಇಟ್ಟು, ಎಲ್ಲಿ ದಾರಿ ಬೇರೆಯಾಯಿತು ಎಂದು ಗುರುತಿಸಿ ನಿಲ್ಲಿಸಿ.

ಮ್ಯಾಟ್ರಿಕ್ಸ್ ಮಾತ್ರವಲ್ಲ, ಯಾವ ಪಾಠಕ್ಕೆ ಹೋದರೂ ಮೈನಸ್ ಮತ್ತು ಆವರಣ ಬಿಡಿಸುವಲ್ಲೇ ತಪ್ಪುತ್ತಿದ್ದರೆ ದೋಷ ಪಿಯುಸಿಯದ್ದಲ್ಲ. ಎಂಟು, ಒಂಬತ್ತನೇ ತರಗತಿಯ ಬೀಜಗಣಿತದ ಅಭ್ಯಾಸಗಳಿಗೆ ಒಂದು ವಾರ ಕೊಡಿ. ಹಿಂದೆ ಹೋದಂತೆ ಅನ್ನಿಸಬಹುದು, ಆದರೆ ನಾನು ಕಂಡಂತೆ ಇಷ್ಟು ಬೇಗ ಫಲ ಕೊಡುವ ಬೇರೆ ದಾರಿ ಇಲ್ಲ.

ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುವುದು, ರಾತ್ರಿಯಿಡೀ ನಿದ್ದೆ ಬಾರದಿರುವುದು, ಮನೆಯಲ್ಲಿ ಬರುವ ಲೆಕ್ಕ ಪರೀಕ್ಷಾ ಕೊಠಡಿಯಲ್ಲಿ ಪೂರ್ತಿ ಮರೆತುಹೋಗುವುದು, ಇವು ಕಂಡರೆ ಇನ್ನಷ್ಟು ಲೆಕ್ಕ ಮಾಡಿಸುವುದು ಮದ್ದಲ್ಲ. ಮೊದಲು ಮಗುವಿನ ಜೊತೆ ಕೂತು ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಲೆಕ್ಚರರ್ ಹತ್ತಿರ ಹೋಗುವಾಗ ಖಾಲಿ ಕೈಯಲ್ಲಿ ಹೋಗಿ 'ಇನ್‌ವರ್ಸ್ ಅರ್ಥ ಆಗ್ತಿಲ್ಲ ಸರ್' ಎನ್ನಬೇಡಿ. ಆ ತಪ್ಪು ಹಾಳೆ ತೆಗೆದುಕೊಂಡು ಹೋಗಿ. ಯಾವ ತಪಾಸಣೆಯವರೆಗೆ ಸರಿ ಬಂತು, ಎಲ್ಲಿ ನಿಂತಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿ. ಎರಡು ಪೀರಿಯಡ್ ನಡುವಿನ ಐದು ನಿಮಿಷ ಅದಕ್ಕೆ ಸಾಕಾಗುತ್ತದೆ.